ಒಂದೂವರೆ ಇಂಚು

ಸಂತೇಪೇಟೆಯ ನಮ್ಮ ಅಂಗಡಿಯಲ್ಲಿ
ಮೊಳೆ ತೂಕಕ್ಕೆ, ಸ್ಕ್ರೂ ಎಣಿಕೆಗೆ.
ಇದು ತಿಳಿದರೆ ಅರ್ಧ ಬಡಗಿ ಆದ ಹಾಗೆ
ಅನ್ನುತ್ತಿದ್ದರು ನಮ್ಮ ಮಾವ.
ಇನ್ನರ್ಧ ಏನೆಂದು ಹೇಳಲಿಲ್ಲ;
ಅವರಿಗೂ ಗೊತ್ತಿತ್ತೋ ಇಲ್ಲವೋ.

ಮೊಗಣ್ಣಾಚಾರರ ಮಗಳು ಜಯಶೀಲಾ
ದುದ್ದದ ಬಸ್ಸಿಳಿದು ಬಂದಳು,
ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ಚೀಟಿ:
ಅಂಗನವಾಡಿಗೆ ಹದಿನಾಲ್ಕು ಪುಟ್ಟ ಕುರ್ಚಿ,
ಸಿಲ್ವರ್ ಓಕು, ಮೊದಲ ಸ್ವಂತ ಆರ್ಡರು.
'ಮೊಳೆ ಕೊಡಿ ಅಕ್ಕ, ಒಂದೂವರೆ ಇಂಚು, ಒಂದು ಕೆಜಿ.'

ನಾನಂದೆ, ಕೂತೇಳುವ ಸಾಮಾನಿಗೆ ಮೊಳೆ ನಿಲ್ಲದು.
ಅವಳಂದಳು, ದುಡ್ಡು ಇಷ್ಟೇ.
ಪೇಪರಿನಲ್ಲಿ ಪೊಟ್ಟಣ ಕಟ್ಟಿದೆ. ವ್ಯಾಪಾರ.
ಕೊಳ್ಳುವ ಕೈ ತಡೆಯುವುದು
ಅಂಗಡಿಯವಳ ಕೆಲಸವೋ ಅಲ್ಲವೋ,
ಇಪ್ಪತ್ತು ವರ್ಷವಾಯಿತು, ಇನ್ನೂ ತಿಳಿದಿಲ್ಲ.

ಎರಡು ತಿಂಗಳಿಗೆ ಮತ್ತೆ ಬಂದಳು.
ಮಾತಿಲ್ಲದೆ ಒಂದು ಮೊಳೆ ಗಾಜಿನ ಮೇಲಿಟ್ಟಳು.
ಅದರ ಕತ್ತಿಗೆ ಸುತ್ತಿಕೊಂಡ ಹಸಿರು ದಾರ,
ಯಾವುದೋ ಮಗುವಿನ ಲಂಗದ್ದು.

ಮಕ್ಕಳು ಸುಮ್ಮನೆ ಕೂರುತ್ತವೆಯೇ?
ಕುರ್ಚಿಯನ್ನು ಬಸ್ಸು ಮಾಡುತ್ತವೆ, ಎಮ್ಮೆ ಮಾಡುತ್ತವೆ,
ಹಿಂದಕ್ಕೂ ಮುಂದಕ್ಕೂ ಜೀಕುತ್ತವೆ;
ಒಂದೊಂದು ಜೀಕಿಗೂ ಮೊಳೆ
ಒಂದೊಂದು ಕೂದಲೆಳೆ ಮೇಲೇಳುತ್ತದೆ,
ಯಾರೂ ನೋಡದಾಗ ಅಣಬೆ ಎದ್ದ ಹಾಗೆ.

'ಹರಿದದ್ದು ಲಂಗ ಅಷ್ಟೇ ಅಕ್ಕ, ಚರ್ಮ ಅಲ್ಲ.'
ಹೇಳುವಾಗ ಅವಳ ಗಂಟಲು ಸರಿ ಇರಲಿಲ್ಲ.

ಆವತ್ತು ಮಧ್ಯಾಹ್ನ ಗಿರಾಕಿ ಕಡಿಮೆ.
ಸ್ಟೂಲು ಎಳೆದು ಕೂರಿಸಿ ಡಬ್ಬಿಗಳನ್ನೆಲ್ಲ ಬಿಚ್ಚಿದೆ.
ನೋಡು, ಮೇಲಿನ ಹಲಗೆ ಎಷ್ಟು ದಪ್ಪವೋ
ಅದರ ಮೂರರಷ್ಟು ಉದ್ದ ಸ್ಕ್ರೂ.
ನಿನ್ನದು ಅರ್ಧ ಇಂಚಿನ ಹಲಗೆ;
ಲೆಕ್ಕ ಮಾಡಿದರೂ ಅದೇ ಒಂದೂವರೆ.
ಅಳತೆ ತಪ್ಪಿರಲಿಲ್ಲ, ಆಯ್ದದ್ದು ತಪ್ಪಿತ್ತು.

ಮೊದಲು ಸಣ್ಣ ಬೈರಿಗೆಯಲ್ಲಿ ತೂತು ಕೊರೆ,
ಹೇಳದೆ ನುಗ್ಗಿದರೆ ಮರ ಸೀಳುತ್ತದೆ.
ಸ್ಕ್ರೂವನ್ನು ಮೇಣದಬತ್ತಿಗೆ ಒಮ್ಮೆ ಉಜ್ಜಿಕೋ,
ಬೆಣ್ಣೆಗೆ ಕೂದಲು ಇಳಿದ ಹಾಗೆ ಇಳಿಯುತ್ತದೆ.
ತಲೆ ಒಳಗೆ ಕೂರಲು ತೂತಿನ ಬಾಯಿ ಅಗಲಿಸು;
ಬೆರಳಾಡಿಸಿದರೆ ತಡೆಯಬಾರದು.

ಅಂಟು ಹೆಚ್ಚು ಸುರಿದರೆ ಹೆಚ್ಚು ಹಿಡಿಯುತ್ತದೆಂಬುದು ಸುಳ್ಳು.
ಒತ್ತಿದಾಗ ಅಂಚಿನಲ್ಲಿ
ರಾಗಿಕಾಳಿನಷ್ಟು ಹನಿ ಸಾಲಾಗಿ ಮೂಡಿದರೆ ಸಾಕು,
ಒದ್ದೆ ಬಟ್ಟೆಯಲ್ಲಿ ಒರೆಸು.
ಹಲಗೆಯ ಕೊಯ್ದ ತುದಿ ಇದೆಯಲ್ಲ, ಅದು ಕುಡುಕ:
ಎಷ್ಟು ಹೊಯ್ದರೂ ಕುಡಿಯುತ್ತದೆ,
ಯಾರ ಕೈಯನ್ನೂ ಹಿಡಿಯುವುದಿಲ್ಲ.

ಕ್ಲಾಂಪು ಕೊಳ್ಳಲು ದುಡ್ಡಿಲ್ಲ, ಗೊತ್ತು.
ಎದುರಿನ ಸೈಕಲ್ ಷಾಪಿನ ಜಬೀವುಲ್ಲಾನ ಹತ್ತಿರ
ಹಳೇ ಟ್ಯೂಬು ಕೇಳು, ಉದ್ದಕ್ಕೆ ಸೀಳಿ
ಬಿಗಿಯಾಗಿ ಸುತ್ತು, ಒಂದು ರಾತ್ರಿ ಮುಟ್ಟಬೇಡ.

ಅವಳು ಎಲ್ಲ ಕೇಳಿ, ತಡೆದು ಅಂದಳು:
'ನಮ್ಮಪ್ಪ ವಜ್ರ ಕಾಸುತ್ತಿದ್ದರು ಅಕ್ಕ,
ಬೀದಿಗೆಲ್ಲ ಚರ್ಮದ ನಾತ.
ಬಿಸಿಯಲ್ಲಿ ಹಚ್ಚಿದ್ದನ್ನು
ಮತ್ತೆ ಬಿಸಿ ಕೊಟ್ಟು ಬಿಡಿಸಬಹುದಿತ್ತು.
ಈ ಬಿಳಿ ಅಂಟು ಬಿಡುವುದೇ ಇಲ್ಲವಲ್ಲ,
ನಾಳೆ ಒಂದು ಕಾಲು ಮುರಿದರೆ?'

ನನ್ನ ಬಳಿ ಅದಕ್ಕೆ ಡಬ್ಬಿ ಇರಲಿಲ್ಲ.
ಅವಳೇ ಚೀಟಿಯ ಹಿಂದೆ ಗೀಚಿದಳು, ಅಳಿಸಿದಳು:
ಕಾಲಿನ ಚೌಕಟ್ಟಿಗೆ ಅಂಟೂ ಸ್ಕ್ರೂವೂ,
ಕೂರುವ ಹಲಗೆಗೆ ಬರೀ ಸ್ಕ್ರೂ.
'ಮುಂದೆ ಬಿಚ್ಚುವವರು ಯಾರೋ,
ಅವರಿಗೊಂದು ದಾರಿ ಇರಲಿ.'
ಮಾವ ಇದ್ದಿದ್ದರೆ ಕೇಳಬಹುದಿತ್ತು,
ಆ ಇನ್ನರ್ಧ ಇದೇನಾ ಅಂತ.

ಕುರ್ಚಿಗೆ ಹನ್ನೆರಡರಂತೆ ನೂರ ಅರವತ್ತೆಂಟು.
ನೂರ ಎಪ್ಪತ್ತು ಎಣಿಸಿದೆ;
ಎರಡು, ಕಳೆದುಹೋಗುವುದಕ್ಕೆ.
ಅರ್ಧ ದುಡ್ಡು ಕೊಟ್ಟಳು, ಅರ್ಧ ಪುಸ್ತಕದಲ್ಲಿದೆ.
ಮೊಳೆಯನ್ನು ಗಾಜಿನ ಮೇಲೇ ಬಿಟ್ಟು ಹೋದಳು.

ಮೊನ್ನೆ ಒಬ್ಬರು ತೊಟ್ಟಿಲಿಗೆಂದು ಮೊಳೆ ಕೇಳಿದರು,
ಕಾಲು ಕೆಜಿ ಸಾಕು ಅಂದರು.
ತಕ್ಕಡಿ ಮುಟ್ಟಲಿಲ್ಲ.
ದುಡ್ಡಿನ ಡ್ರಾಯರು ಎಳೆದೆ.